ಊರ ತೇರಿಗೆ 20 ಸಾವಿರ ಮಂದಿ ಸೇರುತ್ತಾರೆ, ಬಂದೋಬಸ್ತ್ ನಕ್ಷೆ ಹೇಗೆ ಮಾಡುವುದು?

ಗೊಬ್ಬರದಂಗಡಿ, ಅಫಜಲಪುರ ತಾಲೂಕು:

ಎಲ್ಲರಿಗೂ ನಮಸ್ಕಾರ. ನಾನು ಬೀಜ-ಗೊಬ್ಬರದ ಅಂಗಡಿ ಇಟ್ಟವನು. ಈ ವರ್ಷ ಊರಿನವರು ನನ್ನನ್ನೂ ಜಾತ್ರಾ ಕಮಿಟಿಗೆ ಸೇರಿಸಿದ್ದಾರೆ. ಯುಗಾದಿ ಆದ ಐದನೇ ದಿನಕ್ಕೆ ನಮ್ಮ ತೇರು. ಊರಿನ ಜನಸಂಖ್ಯೆ ಆರು ಸಾವಿರ ಇರಬಹುದು. ತೇರಿನ ದಿನ ಮಾತ್ರ 20 ಸಾವಿರದ ತನಕ ಮಂದಿ ಸೇರುತ್ತಾರೆ. ಪುಣೆ, ಮುಂಬೈ, ಬೆಂಗಳೂರಿಗೆ ದುಡಿಯಲು ಹೋದವರೆಲ್ಲ ಅವತ್ತೇ ಬರುತ್ತಾರೆ. ಎರಡು ವರ್ಷದಿಂದ ಹುಡುಗರು ಮೊಬೈಲಿನಲ್ಲಿ ವಿಡಿಯೊ ಹಾಕುತ್ತಿದ್ದಾರೆ, ಹಾಗಾಗಿ ಸುತ್ತಲಿನ ತಾಲೂಕುಗಳಿಂದಲೂ ಗಾಡಿ ಬರುವುದು ಜಾಸ್ತಿ ಆಗಿದೆ.

ಮೊನ್ನೆ ಪರವಾನಗಿ ಅರ್ಜಿ ಕೊಡಲು ಠಾಣೆಗೆ ಹೋದೆವು. ಪಿಎಸ್‌ಐ ಸಾಹೇಬ್ರು ಹೊಸಬರು. ಅರ್ಜಿ ಓದಿ ಪಕ್ಕಕ್ಕಿಟ್ಟು, "ನಕ್ಷೆ ಎಲ್ಲಿ?" ಅಂತ ಕೇಳಿದರು. ಮಂದಿ ಎಲ್ಲಿಂದ ಬರುತ್ತಾರೆ, ಎಲ್ಲಿಂದ ಹೋಗುತ್ತಾರೆ, ಗಾಡಿ ಎಲ್ಲಿ ನಿಲ್ಲಿಸುತ್ತಾರೆ, ಆಂಬುಲೆನ್ಸ್ ಯಾವ ದಾರಿಯಲ್ಲಿ ಒಳಗೆ ಬರುತ್ತದೆ, ಇದೆಲ್ಲ ಬರೆದುಕೊಂಡು ಬನ್ನಿ ಅಂದರು. ಹಿಂದೆ ಯಾರೂ ಇದನ್ನು ಕೇಳಿರಲಿಲ್ಲ.

ಹಿರಿಯರು ಸಿಟ್ಟಾಗಿದ್ದಾರೆ. "ನಮ್ಮ ಅಜ್ಜನ ಕಾಲದಿಂದ ತೇರು ಎಳೆದಿದ್ದೇವೆ, ಒಬ್ಬರಿಗೂ ಏನೂ ಆಗಿಲ್ಲ, ಐವತ್ತು ಪೊಲೀಸರನ್ನು ಕಳಿಸಿದರೆ ಸಾಕು" ಅನ್ನುತ್ತಾರೆ. ನನಗೆ ಮಾತ್ರ ಹೋದ ವರ್ಷದ ಒಂದು ಹೊತ್ತು ಮರೆಯಲು ಆಗುತ್ತಿಲ್ಲ. ತೇರು ಪಾದಗಟ್ಟೆಗೆ ಹೋಗಿ ತಿರುಗಿದ ಮೇಲೆ ಅಗಸಿ (ಊರ ಹೆಬ್ಬಾಗಿಲು) ಹತ್ತಿರ ನಾನು, ಹೆಂಡತಿ, ಐದು ವರ್ಷದ ಮಗಳು ಸಿಕ್ಕಿಕೊಂಡೆವು. ಎರಡು ಮೂರು ನಿಮಿಷ ನನ್ನ ಕಾಲು ನೆಲದ ಮೇಲೆ ಇರಲಿಲ್ಲ, ಮಂದಿ ಕರೆದುಕೊಂಡು ಹೋದ ಕಡೆ ಹೋದೆ. ಮಗಳನ್ನು ತಲೆ ಮೇಲೆ ಎತ್ತಿ ಹಿಡಿದಿದ್ದೆ. ಇಳಿಸಿದಾಗ ಅವಳ ತುಟಿ ಬಿಳಿಚಿತ್ತು.

ಗೊತ್ತಿದ್ದವರು ಹೇಳಿ. ನಕ್ಷೆ ಹೇಗೆ ಮಾಡಬೇಕು? ಎಷ್ಟು ಪೊಲೀಸರನ್ನು ಕೇಳಬೇಕು? ನಮ್ಮ ಹುಡುಗರು ಅರವತ್ತು ಮಂದಿ ಸ್ವಯಂಸೇವಕರಾಗಲು ತಯಾರಿದ್ದಾರೆ, ಅವರನ್ನು ಎಲ್ಲಿ ನಿಲ್ಲಿಸಬೇಕು?


ಹಳೇ ಖಾಕಿ, ಕಲಬುರಗಿ:

ತಮ್ಮಾ, ನಾನು ಎಎಸ್‌ಐ ಆಗಿ ನಿವೃತ್ತಿಯಾದವನು. 31 ವರ್ಷ ಸರ್ವಿಸ್, ಅದರಲ್ಲಿ ಬಂದೋಬಸ್ತ್ ಡ್ಯೂಟಿ ಎಷ್ಟು ಅಂತ ಲೆಕ್ಕ ಇಟ್ಟಿಲ್ಲ. ಜಾತ್ರೆ, ಉರುಸು, ಗಣೇಶ ವಿಸರ್ಜನೆ, ಮಂತ್ರಿಗಳ ಸಭೆ, ಎಲ್ಲ ಕಡೆ ನಿಂತಿದ್ದೇನೆ. ನಿಮ್ಮ ಮಗಳ ತುಟಿ ಬಿಳಿಚಿದ್ದು ಓದಿ ಸುಮ್ಮನೆ ಕೂರಲು ಆಗಲಿಲ್ಲ, ಅದಕ್ಕೆ ಉದ್ದ ಬರೆಯುತ್ತಿದ್ದೇನೆ.

ಮೊದಲ ಮಾತು. ಎಷ್ಟು ಪೊಲೀಸರು ಅನ್ನುವುದನ್ನು ಆಮೇಲೆ ಕೇಳಿ. ಮೊದಲು ಎರಡು ವಿಷಯ ಗಟ್ಟಿ ಮಾಡಿ. ತೇರು ನಿಂತ ಮೇಲೆ ಮಂದಿ ಯಾವ ದಾರಿಯಿಂದ ಹೊರಗೆ ಹೋಗುತ್ತಾರೆ? ಅಪಾಯ ಕಂಡರೆ ತೇರು ನಿಲ್ಲಿಸಿ ಅಂತ ಹೇಳುವ ಅಧಿಕಾರ ಯಾರಿಗೆ? ಈ ಎರಡಕ್ಕೆ ಉತ್ತರ ಇಲ್ಲದಿದ್ದರೆ ಐವತ್ತಲ್ಲ, ಐನೂರು ಪೊಲೀಸರು ಬಂದರೂ ಅವರೂ ಮಂದಿಯ ಜೊತೆ ಸಿಕ್ಕಿಕೊಳ್ಳುತ್ತಾರೆ. ನಾನೇ ಸಿಕ್ಕಿಕೊಂಡಿದ್ದೇನೆ.

ಊರ ಹೆಸರು ಬೇಡ. ಹತ್ತು ಹನ್ನೆರಡು ವರ್ಷದ ಹಿಂದಿನ ಮಾತು. ತೇರಿನ ಬಯಲಿನಿಂದ ಹಳ್ಳದ ಕಡೆಗೆ ಇಳಿಯಲು ಒಂದು ಅಗಲವಾದ ದಾರಿ ಇತ್ತು. ಬಂದೋಬಸ್ತ್ ಸ್ಕೀಮಿನಲ್ಲಿ, ಅಂದರೆ ಪೊಲೀಸರ ಯೋಜನೆಯಲ್ಲಿ, ಅದನ್ನೇ ಹೊರಹೋಗುವ ದಾರಿ ಅಂತ ತೋರಿಸಿದ್ದರು. ಸ್ಕೀಮ್ ಹಿಂದಿನ ವರ್ಷದ್ದು, ತಾರೀಖು ಮಾತ್ರ ಹೊಸದು. ಆ ವರ್ಷದ ಮಳೆಗಾಲ ಮುಗಿದ ಮೇಲೆ ಅಲ್ಲಿ ಒಂದು ಸಮುದಾಯ ಭವನ ಎದ್ದಿತ್ತು. ಅದರ ಕಾಂಪೌಂಡ್ ಗೋಡೆ ಸೀದಾ ದಾರಿಗೆ ಅಡ್ಡ ಬಂದಿತ್ತು. ಗೋಡೆ ಪಕ್ಕದಲ್ಲಿ ಉಳಿದ ಸಂದು ನಾಲ್ಕು ಅಡಿ ಇದ್ದೀತು. ನನ್ನ ಪಾಯಿಂಟು ಆ ಗೋಡೆಯ ಹತ್ತಿರವೇ. ಮಧ್ಯಾಹ್ನ ರೋಲ್ ಕಾಲ್ ಮುಗಿಸಿ ಬಂದು ನಿಂತಾಗಲೇ ಗೋಡೆ ಕಂಡಿತ್ತು. ಮೇಲಿನವರಿಗೆ ಗೊತ್ತಿರುತ್ತದೆ ಅಂದುಕೊಂಡು ಸುಮ್ಮನಿದ್ದೆ. ಆ ಸುಮ್ಮನಿದ್ದದ್ದು ನನ್ನ ತಪ್ಪು.

ತೇರು ನಿಂತಿತು. ಮಂದಿ ತಿರುಗಿದರು. ಮುಂದಿನವರು ಗೋಡೆ ನೋಡಿ ನಿಂತರು, ಹಿಂದಿನವರಿಗೆ ಗೋಡೆ ಕಾಣಲಿಲ್ಲ, ನಡೆಯುತ್ತಲೇ ಇದ್ದರು. ಯಾರೂ ಬೇಕಂತ ನೂಕಲಿಲ್ಲ. ಇದನ್ನು ಬರೆದಿಟ್ಟುಕೊಳ್ಳಿ, ನೂಕು ಹಿಂದಿನಿಂದ ಬರುತ್ತದೆ, ನೂಕುವವನಿಗೆ ತಾನು ನೂಕುತ್ತಿದ್ದೇನೆ ಅಂತ ಗೊತ್ತಿರುವುದಿಲ್ಲ. ಅವನು ಅರ್ಧ ಹೆಜ್ಜೆ ಮುಂದೆ ಇಟ್ಟಿರುತ್ತಾನೆ ಅಷ್ಟೇ. ಅಂಥ ಸಾವಿರ ಅರ್ಧ ಹೆಜ್ಜೆ ಸೇರಿ ಮುಂದಿರುವವರ ಎದೆಯ ಮೇಲೆ ಬೀಳುತ್ತದೆ. ನಾನು ವಾಕಿಟಾಕಿಯಲ್ಲಿ ಕೂಗಿದೆ. ಆ ಕಡೆ ಡೊಳ್ಳು, ಈ ಕಡೆ ಮೈಕು, ನನ್ನ ಮಾತು ನನಗೇ ಕೇಳಿಸಲಿಲ್ಲ. ಉಳಿಸಿದ್ದು ಯಾರು ಅಂದರೆ ಗೋಡೆಯ ಮೇಲೆ ಕುಳಿತು ತೇರು ನೋಡುತ್ತಿದ್ದ ಹುಡುಗರು. ಅವರಿಗೆ ಮೇಲಿನಿಂದ ಎಲ್ಲ ಕಾಣುತ್ತಿತ್ತು. ಕೂಸುಗಳನ್ನು ಕೈ ಹಿಡಿದು ಮೇಲಕ್ಕೆ ಎಳೆದು ಆ ಕಡೆ ಇಳಿಸಿದರು. ಒಬ್ಬ ಹುಡುಗ ಮಾಳಿಗೆಯಿಂದ ಮಾಳಿಗೆಗೆ ಹಾರಿ ಹೋಗಿ ಮೈಕಿನವನ ಕೈ ಹಿಡಿದು ಡೊಳ್ಳು ನಿಲ್ಲಿಸಿದ. ಸದ್ದು ನಿಂತ ಮೇಲೆ ಮಂದಿಗೆ ಮಂದಿಯ ಕೂಗು ಕೇಳಿಸಿತು. ಹಿಂದಿನವರು ತಾವೇ ಸರಿದರು. ಒಬ್ಬ ಮುದುಕಿಗೆ ಪಕ್ಕೆಲುಬು ಮುರಿಯಿತು, ಇನ್ನೊಬ್ಬರಿಗೆ ಕೈ. ಜೀವ ಹೋಗಲಿಲ್ಲ. ರಾತ್ರಿ ಬ್ಯಾಟರಿ ಹಿಡಿದು ಆ ಜಾಗದಲ್ಲಿ ಚಪ್ಪಲಿ ಆರಿಸಿದೆವು, ಮೂರು ಗೋಣಿಚೀಲ ತುಂಬಿದವು. ಅದರಲ್ಲಿ ಒಂದು ಕಡೆ ಸಣ್ಣ ಕೂಸಿನ ಒಂಟಿ ಕಾಲ್ಗೆಜ್ಜೆ ಸಿಕ್ಕಿತು. ಆ ಕೂಸು ಯಾರದು, ಎಲ್ಲಿದೆ ಅಂತ ತಿಳಿಯುವ ತನಕ, ಅಂದರೆ ಬೆಳಗಿನ ಜಾವದ ತನಕ, ನಾನು ನೀರೂ ಕುಡಿಯಲಿಲ್ಲ. ಕೂಸು ತಾಯಿಯ ಮಡಿಲಲ್ಲೇ ಇತ್ತು.

ಈಗ ನಿಮ್ಮ ನಕ್ಷೆಗೆ ಬರೋಣ. ಕಾಗದದ ಮೇಲೆ ಶುರು ಮಾಡಬೇಡಿ. ಟೇಪ್ ಹಿಡಿದು ನಡೆಯಿರಿ.

ಲೆಕ್ಕ ಹೀಗೆ. ಬ್ರಿಟನ್ನಿನವರು ಕ್ರೀಡಾಂಗಣಗಳಿಗೆ ಒಂದು ಸುರಕ್ಷತಾ ಲೆಕ್ಕ ಇಟ್ಟಿದ್ದಾರೆ. ಸಮತಟ್ಟಾದ ದಾರಿಯಲ್ಲಿ ಒಂದು ಮೀಟರ್ ಅಗಲಕ್ಕೆ ನಿಮಿಷಕ್ಕೆ ಹೆಚ್ಚೆಂದರೆ 82 ಮಂದಿ, ಮೆಟ್ಟಿಲಾದರೆ 66. ನಮ್ಮ ಅಡಿ ಲೆಕ್ಕಕ್ಕೆ ತಂದರೆ ಒಂದು ಅಡಿಗೆ ಸುಮಾರು 25, ಮೆಟ್ಟಿಲಿಗೆ 20. ನಿಮ್ಮ ಅಗಸಿ ದಾರಿ 12 ಅಡಿ ಅಂತ ಇಟ್ಟುಕೊಳ್ಳಿ. ನಿಮಿಷಕ್ಕೆ 300 ಮಂದಿ ದಾಟಬಹುದು. ಒಂಬತ್ತು ಸಾವಿರ ಮಂದಿ ಆ ಕಡೆಯಿಂದಲೇ ಹೋಗುವವರಿದ್ದರೆ ಅರ್ಧ ಗಂಟೆ ಬೇಕು. ಈಗ ಎರಡೂ ಬದಿಗೆ ಬೆಂಡು-ಬತ್ತಾಸು, ಬಳೆ, ಆಟಿಕೆ ಅಂಗಡಿಗಳು ಮೂರು ಮೂರು ಅಡಿ ಮುಂದೆ ಬಂದವು ಅನ್ನಿ. ಉಳಿದದ್ದು ಆರು ಅಡಿ. ಅರ್ಧ ಗಂಟೆಯದು ಒಂದು ಗಂಟೆ ಆಯಿತು. ಅದೂ ಯಾರೂ ನಿಲ್ಲದೆ ನಡೆದರೆ. ನಮ್ಮಲ್ಲಿ ಮಂದಿ ನಿಲ್ಲುತ್ತಾರೆ, ಬಳೆ ನೋಡುತ್ತಾರೆ, ಮಕ್ಕಳು ಪೀಪಿ ಕೇಳುತ್ತವೆ, ಮುದುಕರು ಉಸಿರು ತಗೊಳ್ಳುತ್ತಾರೆ. ಹಾಗಾಗಿ ಆ ಲೆಕ್ಕದ ಮುಕ್ಕಾಲು ಪಾಲು ಮಾತ್ರ ನಂಬಿ.

ಬಯಲಿನ ಲೆಕ್ಕ ಬೇರೆ. ಹೋಮ್‌ಗಾರ್ಡ್ ಹುಡುಗರಿಗೆ ನಾನು ಬಾಯಲ್ಲಿ ಹೇಳುತ್ತಿರಲಿಲ್ಲ, ತೋರಿಸುತ್ತಿದ್ದೆ. ನೆಲದ ಮೇಲೆ ಸುಣ್ಣದ ಪುಡಿಯಿಂದ ಒಂದು ಮೀಟರ್ ಚೌಕ ಹಾಕುವುದು. ನಾಲ್ಕು ಮಂದಿ ಒಳಗೆ ನಿಲ್ಲಿ ಅನ್ನುವುದು. ನಿಲ್ಲುತ್ತಾರೆ, ಜೇಬಿಗೆ ಕೈ ಹಾಕಬಹುದು, ತಿರುಗಬಹುದು. ಐದನೆಯವನು ಬಂದರೆ ಭುಜಕ್ಕೆ ಭುಜ ತಾಗುತ್ತದೆ. ಆರನೆಯವನು ಬಂದರೆ ಯಾರಿಗೂ ತಮ್ಮ ಪಾದ ಕಾಣುವುದಿಲ್ಲ. ಏಳನೆಯವನನ್ನು ಒಳಗೆ ತುರುಕಿ ಈಗ ಕೈ ಮೇಲೆತ್ತಿ ಅಂದರೆ ಎತ್ತಲು ಆಗುವುದಿಲ್ಲ. ಅಲ್ಲಿ ಒಬ್ಬನನ್ನು ಹೊರಗಿನಿಂದ ಮೆಲ್ಲಗೆ ನೂಕಿದರೆ ಏಳೂ ಮಂದಿ ಒಟ್ಟಿಗೆ ತೂಗುತ್ತಾರೆ, ನೀರಿನ ಅಲೆ ಹಾಗೆ. ಹೋದ ವರ್ಷ ನಿಮ್ಮ ಕಾಲು ನೆಲ ಬಿಟ್ಟದ್ದು ಇದೇ. ಕಾಲ್ತುಳಿತ ಅಂತ ಪೇಪರಿನಲ್ಲಿ ಬರೆಯುತ್ತಾರೆ, ಆದರೆ ಇಂಥ ಕಡೆ ಬಹಳಷ್ಟು ಮಂದಿ ಸಾಯುವುದು ತುಳಿತದಿಂದ ಅಲ್ಲ. ನಿಂತಲ್ಲೇ ಎದೆ ಒತ್ತಿ ಉಸಿರು ತಗೊಳ್ಳಲು ಆಗದೆ ಸಾಯುತ್ತಾರೆ.

ನಿಮ್ಮ ತೇರಿನ ಬಯಲು 150 ಅಡಿಗೆ 80 ಅಡಿ ಇದ್ದರೆ 12 ಸಾವಿರ ಚದರ ಅಡಿ. ಮೀಟರ್ ಚೌಕಕ್ಕೆ ನಾಲ್ಕರಂತೆ ನಾಲ್ಕೂವರೆ ಸಾವಿರ ಮಂದಿ ಹಿಡಿಯುತ್ತಾರೆ. ತೇರು, ಮಿಣಿ (ತೇರು ಎಳೆಯುವ ಹಗ್ಗ), ಎಳೆಯುವವರ ಜಾಗ ಕಳೆಯಿರಿ. 20 ಸಾವಿರ ಅಲ್ಲಿ ಹಿಡಿಯುವ ಮಾತೇ ಇಲ್ಲ. ಉಳಿದವರು ಎಲ್ಲಿ ನಿಲ್ಲಬೇಕು ಅನ್ನುವುದನ್ನು ನೀವೇ ಮೊದಲು ನಿರ್ಧಾರ ಮಾಡಬೇಕು. ಶಾಲೆ ಮೈದಾನದಲ್ಲಿ ದೊಡ್ಡ ಪರದೆ ಹಾಕಿದರೆ ಮುದುಕರು, ಕೂಸು ಇದ್ದವರು ಅಲ್ಲೇ ಕುಳಿತು ನೋಡುತ್ತಾರೆ. ಈಗ ಬಹಳ ಕಡೆ ಹಾಗೆ ಮಾಡುತ್ತಾರೆ.

ಕಲಬುರಗಿ ಶಹರದಲ್ಲಿ ಶರಣಬಸವೇಶ್ವರ ತೇರು ನೋಡಿದ್ದೀರಲ್ಲ. ತೇರು ಎಳೆಯುವ ಮುಂಚೆ ಪರುಷ ಬಟ್ಟಲು ಅನ್ನುವ ಪವಿತ್ರ ಬಟ್ಟಲು ತೋರಿಸುತ್ತಾರೆ. ಆ ಒಂದು ಕ್ಷಣಕ್ಕೆ ಅಲ್ಲಿರುವ ಎಲ್ಲರ ಕಣ್ಣೂ ಮೇಲೆ. ಆಮೇಲೆ ಉತ್ತತ್ತಿ, ಬಾಳೆಹಣ್ಣು ಎಸೆಯುತ್ತಾರೆ, ಮತ್ತೆ ಕಣ್ಣು ಮೇಲೆ. ಕೆಳಗೆ ನೆಲ ನೋಡುವವರು ಒಬ್ಬರೂ ಇಲ್ಲ. ಅಲ್ಲಿ ಡ್ಯೂಟಿ ಮಾಡುವಾಗ ನಮಗೆ ಹೇಳುತ್ತಿದ್ದದ್ದು ಒಂದೇ, ನೀವು ತೇರು ನೋಡಬೇಡಿ, ತೇರಿಗೆ ಬೆನ್ನು ಕೊಟ್ಟು ಮಂದಿಯ ಮುಖ ನೋಡಿ. ನಿಮ್ಮ ಅರವತ್ತು ಹುಡುಗರಿಗೂ ಇದನ್ನೇ ಹೇಳಿ. ತೇರಿಗೆ ಬೆನ್ನು ಕೊಡುವುದು ನಮ್ಮ ಮಂದಿಗೆ ಕಷ್ಟ, ನನಗೆ ಗೊತ್ತು. ಕೈ ಮುಗಿಯುವುದನ್ನು ಬೆಳಿಗ್ಗೆ ಗುಡಿಯಲ್ಲಿ ಮುಗಿಸಿ ಬರಲಿ.

ಬಂದೇ ನವಾಜ್ ಉರುಸಿನಲ್ಲಿ ಸಂದಲ್ ಮೆರವಣಿಗೆ ಮೆಹಬೂಬ್ ಗುಲ್ಶನ್ ಗಾರ್ಡನ್ನಿನಿಂದ ದರ್ಗಾದ ತನಕ ಹೋಗುತ್ತದೆ. ಅದು ನಡೆಯುವ ಮಂದಿ. ತೇರಿನ ಬಯಲಿನದು ನಿಂತ ಮಂದಿ. ನಡೆಯುವ ಮಂದಿಗೆ ಮುಂದೆ ಜಾಗ ಖಾಲಿ ಇರಬೇಕು, ನಿಂತ ಮಂದಿಗೆ ಹಿಂದೆ ಜಾಗ ಖಾಲಿ ಇರಬೇಕು. ನಿಮ್ಮ ಜಾತ್ರೆಯಲ್ಲಿ ಎರಡೂ ಇವೆ, ತೇರಿನ ಜೊತೆ ಪಾದಗಟ್ಟೆಗೆ ನಡೆಯುವವರು ಒಂದಷ್ಟು, ಬಯಲಿನಲ್ಲೇ ಕಾಯುವವರು ಒಂದಷ್ಟು. ತೇರು ವಾಪಸ್ ಬಂದಾಗ ಇಬ್ಬರೂ ಅಗಸಿಯಲ್ಲಿ ಎದುರುಬದುರು ಆಗುತ್ತಾರೆ. ಹೋದ ವರ್ಷ ನೀವು ಸಿಕ್ಕಿಕೊಂಡ ಜಾಗ ಸರಿಯಾಗಿ ಅದೇ, ಅಲ್ವಾ? ಹೋಗುವವರಿಗೆ ಅಗಸಿ, ಬರುವವರಿಗೆ ಬೇರೆ ದಾರಿ ಮಾಡಿ. ಒಂದೇ ದಾರಿಯಲ್ಲಿ ಎರಡು ದಿಕ್ಕು ಬೇಡವೇ ಬೇಡ.

ಇನ್ನು ನಿಲ್ಲಿಸುವ ಅಧಿಕಾರದ ಮಾತು. 2022ರ ಅಕ್ಟೋಬರ್ 29ಕ್ಕೆ ದಕ್ಷಿಣ ಕೊರಿಯಾದ ಸಿಯೋಲ್ ಶಹರದ ಇಟೆವೊನ್‌ನಲ್ಲಿ ಒಂದು ಇಳಿಜಾರು ಗಲ್ಲಿಯಲ್ಲಿ 159 ಮಂದಿ ಹೋದರು. ಗಲ್ಲಿಯ ಅಗಲ ಹತ್ತೂವರೆ ಅಡಿ ಅಷ್ಟೇ. "ಇಲ್ಲಿ ಮಂದಿ ಒತ್ತಿ ಸಾಯುವ ಹಾಗಿದೆ" ಅಂತ ಪೊಲೀಸರಿಗೆ ಮೊದಲ ಫೋನು ಬಂದದ್ದು ಸಂಜೆ 6:34ಕ್ಕೆ. ಅನಾಹುತ ಆದದ್ದು ಹತ್ತು ಗಂಟೆ ದಾಟಿದ ಮೇಲೆ. ಮೂರೂವರೆ ಗಂಟೆ ಸಮಯ ಇತ್ತು. ನಮ್ಮ ಬೆಂಗಳೂರಿನಲ್ಲೇ 2025ರ ಜೂನ್ 4ಕ್ಕೆ ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಹತ್ತಿರ 11 ಮಂದಿ ಸತ್ತರು. ಒಳಗೆ ಹಿಡಿಯುವುದು ಸುಮಾರು 35 ಸಾವಿರ, ಬಂದವರು ಲಕ್ಷಗಟ್ಟಲೆ. ಅದಾದ ಮೇಲೆ ಸರ್ಕಾರ ಜನಸಂದಣಿ ನಿಯಂತ್ರಣಕ್ಕೆ ಮಸೂದೆಯನ್ನೇ ತಂದಿತು. ನಿಮ್ಮ ಪಿಎಸ್‌ಐ ನಕ್ಷೆ ಕೇಳಿದ್ದಕ್ಕೆ ಹಿರಿಯರು ಸಿಟ್ಟಾಗುವುದು ಬೇಡ. ಅಂಥ ಅಧಿಕಾರಿ ಸಿಕ್ಕಿದ್ದು ನಿಮ್ಮ ಊರಿನ ಪುಣ್ಯ.

ಕಾಗದ ಪತ್ರದ ಮಾತು ಬೇಗ ಮುಗಿಸುತ್ತೇನೆ. ಕಲಬುರಗಿ ಶಹರಕ್ಕೆ 2019ರಿಂದ ಕಮಿಷನರೇಟ್ ಇದೆ, ನಿಮ್ಮ ತಾಲೂಕು ಎಸ್ಪಿ ಆಫೀಸಿನ ಕೆಳಗೆ ಬರುತ್ತದೆ. ಅರ್ಜಿ ನಿಮ್ಮ ಠಾಣೆಗೇ. ಪಂಚಾಯಿತಿ, ತಹಶೀಲ್ದಾರ್, ಜೆಸ್ಕಾಂ (ಕರೆಂಟ್ ಕಂಪನಿ), ಅಗ್ನಿಶಾಮಕ, ಆರೋಗ್ಯ ಕೇಂದ್ರ, ಎಲ್ಲರಿಗೂ ಒಂದೊಂದು ಪ್ರತಿ. ಮೈಕು ರಾತ್ರಿ 10ರ ಮೇಲೆ ಬೇಡ. ಎಷ್ಟು ಹೋಮ್‌ಗಾರ್ಡ್, ಡಿಎಆರ್ (ಜಿಲ್ಲಾ ಸಶಸ್ತ್ರ ಮೀಸಲು ಪೊಲೀಸ್) ತುಕಡಿ ಬೇಕೋ ಬೇಡವೋ, ಮಫ್ತಿಯವರು ಎಷ್ಟು, ಅದು ಅವರ ಸ್ಕೀಮು, ಅವರು ಬರೆಯುತ್ತಾರೆ. ನಿಮ್ಮ ನಕ್ಷೆ ಖರೆ ಇದ್ದರೆ ಅವರ ಸ್ಕೀಮೂ ಖರೆ ಆಗುತ್ತದೆ.


ಹೋಮ್‌ಗಾರ್ಡ್ ಅಕ್ಕ, ಯಾದಗಿರಿ:

ಕಾಕಾ ಅವರು ಹೇಳಿದ್ದು ಎಲ್ಲ ಸರಿ. ನಾನು ಹೆಣ್ಣುಮಕ್ಕಳ ಕಡೆಯಿಂದ ಎರಡು ಮಾತು ಸೇರಿಸುತ್ತೇನೆ.

ಹಗ್ಗ ಕಟ್ಟಿ ಮಂದಿಯನ್ನು ತಡೆಯಬೇಡಿ. ದೊಡ್ಡವರ ಸೊಂಟಕ್ಕೆ ಬರುವ ಹಗ್ಗ ಮಕ್ಕಳ ಕುತ್ತಿಗೆಗೆ ಬರುತ್ತದೆ. ನಾನು ಒಂದು ಜಾತ್ರೆಯಲ್ಲಿ ಏಳು ವರ್ಷದ ಹುಡುಗಿಯ ಕುತ್ತಿಗೆ ಮೇಲೆ ಹಗ್ಗದ ಕೆಂಪು ಗೆರೆ ನೋಡಿದ್ದೇನೆ. ಬೊಂಬು ಕಟ್ಟಿ, ಎರಡು ಸಾಲು, ಮೇಲೊಂದು ಕೆಳಗೊಂದು. ನಡುವೆ ಅಲ್ಲಲ್ಲಿ ತಕ್ಷಣ ಬಿಚ್ಚಲು ಬರುವ ಹಾಗೆ ಬಾಗಿಲು ಇರಲಿ, ಪ್ರತಿ ಬಾಗಿಲಿಗೆ ಒಬ್ಬ ಹುಡುಗ. ಅವನು ಊಟಕ್ಕೂ ಜಾಗ ಬಿಡಬಾರದು, ಊಟ ಅವನಿದ್ದಲ್ಲಿಗೆ ಹೋಗಲಿ.

ನಮ್ಮಲ್ಲಿ ಮೈಲಾಪುರ ಮಲ್ಲಯ್ಯನ ಜಾತ್ರೆ ಸಂಕ್ರಾಂತಿಗೆ ಆಗುತ್ತದೆ. ಮಲ್ಲಯ್ಯನ ಪಲ್ಲಕ್ಕಿ ಹೊನ್ನಕೆರೆಗೆ ಸ್ನಾನಕ್ಕೆ ಹೋಗುವಾಗ ಭಕ್ತರು ಕುರಿಮರಿ ಎಸೆಯುವ ಪದ್ಧತಿ ಇತ್ತು, ಜಿಲ್ಲಾಡಳಿತ ಅದನ್ನು ನಿಷೇಧ ಮಾಡಿದೆ. ಮರಿಗಳನ್ನು ಹಿಡಿಯುವುದು ಗುಡಿ ಹತ್ತಿರ ಅಲ್ಲ, ಊರಿಗೆ ಬರುವ ದಾರಿಗಳ ಚೆಕ್‌ಪೋಸ್ಟಿನಲ್ಲಿ. ಯಾಕೆ ಅಂದರೆ ತಪಾಸಣೆ ಅಂದ ಕೂಡಲೇ ಮಂದಿ ನಿಲ್ಲುತ್ತಾರೆ, ನಿಂತರೆ ಸಾಲು ಬೆಳೆಯುತ್ತದೆ. ಆ ಸಾಲು ಊರ ಹೊರಗೆ ಹೊಲದ ಪಕ್ಕದಲ್ಲಿ ಬೆಳೆದರೆ ಯಾರಿಗೂ ತೊಂದರೆ ಇಲ್ಲ, ಗುಡಿ ಬಾಗಿಲಲ್ಲಿ ಬೆಳೆದರೆ ಅಪಾಯ. ನೀವೂ ಗಾಡಿ ನಿಲ್ಲಿಸುವುದು, ಚೀಲ ನೋಡುವುದು, ಎಲ್ಲವನ್ನೂ ಅಗಸಿಯಿಂದ ದೂರ ಇಡಿ.

ತೆಂಗಿನಕಾಯಿ ಒಡೆಯುವ ಜಾಗ ಮೆಟ್ಟಿಲ ಹತ್ತಿರ ಇದೆಯಾ ನೋಡಿ. ನಮ್ಮ ಗುಡಿಗಳ ಮುಂದೆ ಶಹಾಬಾದಿ ಫರಸಿ ಹಾಸಿರುತ್ತಾರೆ. ಕಾಯಿ ನೀರು ಬಿದ್ದರೆ ಎಣ್ಣೆ ಸುರಿದ ಹಾಗೆ ಜಾರುತ್ತದೆ. 2005ರ ಜನವರಿಯಲ್ಲಿ ಮಹಾರಾಷ್ಟ್ರದ ಸಾತಾರಾ ಜಿಲ್ಲೆಯ ಮಾಂಢರದೇವಿಯಲ್ಲಿ ಮುನ್ನೂರರ ಹತ್ತಿರ ಮಂದಿ ತೀರಿಕೊಂಡರು. ಅಲ್ಲಿ ಮೊದಲು ಮಂದಿ ಜಾರಿ ಬಿದ್ದದ್ದು ಕಾಯಿ ನೀರಿನಿಂದ ಒದ್ದೆಯಾದ ಮೆಟ್ಟಿಲ ಮೇಲೆ. ಕಾಯಿ ಒಡೆಯಲು ಪಕ್ಕದಲ್ಲಿ ಬೇರೆ ಕಟ್ಟೆ ಮಾಡಿ, ಒಂದಿಬ್ಬರು ಚೀಲದ ತುಂಬ ಮರಳು ಇಟ್ಟುಕೊಂಡು ಅಲ್ಲೇ ಇರಲಿ.

ಮೈಕಿನವನಿಗೆ ಏನು ಹೇಳಬೇಕು ಅಂತ ಮೊದಲೇ ಬರೆದು ಕೊಡಿ. "ಓಡಬೇಡಿ, ನೂಕಬೇಡಿ" ಅಂತ ಕೂಗಿದರೆ ಮಂದಿಗೆ ಏನೋ ಆಗಿದೆ ಅನ್ನುವುದು ಮಾತ್ರ ತಿಳಿಯುತ್ತದೆ. 2013ರಲ್ಲಿ ಮಧ್ಯಪ್ರದೇಶದ ರತನಗಢದಲ್ಲಿ ಸೇತುವೆ ಬೀಳುತ್ತಿದೆ ಅನ್ನುವ ಸುಳ್ಳು ಸುದ್ದಿಗೇ 115 ಮಂದಿ ಸತ್ತರು. ಜಾಗದ ಹೆಸರು ಹಿಡಿದು ಹೇಳಬೇಕು. "ಹನುಮಪ್ಪನ ಗುಡಿ ಕಡೆ ನಿಂತಿರುವ ಅಣ್ಣಂದಿರು, ಅಕ್ಕಂದಿರು ಎರಡು ಹೆಜ್ಜೆ ಹಿಂದೆ ಸರಿಯಿರಿ. ಅಗಸಿ ಕಡೆಯವರು ಇದ್ದಲ್ಲೇ ನಿಲ್ಲಿ." ಹಿಂದಿನವರನ್ನು ಮೊದಲು ಕರೆಯಬೇಕು, ಮುಂದಿನವರನ್ನು ಆಮೇಲೆ. ಮೈಕು ಹಿಡಿಯುವವನು ಮಂದಿಗೆ ಗೊತ್ತಿರುವ ದನಿಯವನಾಗಿರಲಿ.

ಕೂಸುಗಳ ಕೈಗೆ ಪೆನ್ನಿನಿಂದ ಮನೆಯವರ ಫೋನ್ ನಂಬರು ಬರೆಯುವ ಒಂದು ಮೇಜು ಇಡಿ. ಹೆಣ್ಣುಮಕ್ಕಳಿಗೆ ಶೌಚಾಲಯ ಎಲ್ಲಿ ಅಂತ ನಕ್ಷೆಯಲ್ಲಿ ಬರೆಯಿರಿ, ಅದನ್ನು ಗಂಡಸರ ಕಮಿಟಿ ಯಾವಾಗಲೂ ಮರೆಯುತ್ತದೆ. ಸಂಜೆ ಕತ್ತಲಾದ ಮೇಲೆ ಹೊಲದ ಕಡೆ ಹೋಗಲು ಎಲ್ಲರೂ ಒಂದೇ ಸಂದಿಯಲ್ಲಿ ಹೋಗುತ್ತಾರೆ, ಅಲ್ಲಿ ದೀಪ ಇರುವುದಿಲ್ಲ.


ಲೈನ್‌ಮನ್, ಚಿತ್ತಾಪುರ:

ಯಾರೂ ತಂತಿಯ ಮಾತು ಎತ್ತಲಿಲ್ಲ. ತೇರಿನ ಕಳಸ, ಅದರ ಮೇಲಿನ ಬಾವುಟ ಸೇರಿ ಎತ್ತರ ಎಷ್ಟು ಅಂತ ಈ ವರ್ಷ ಹೊಸದಾಗಿ ಅಳೆಯಿರಿ. ಹೋದ ವರ್ಷದ್ದು ನಡೆಯುವುದಿಲ್ಲ. ನಿಮ್ಮಲ್ಲಿ ಸಿಸಿ ರಸ್ತೆ ಹಾಕಿದ್ದಾರಾ? ಹಾಕಿದ್ದರೆ ರಸ್ತೆ ಎತ್ತರ ಆಗಿರುತ್ತದೆ, ತಂತಿ ಇದ್ದಲ್ಲೇ ಇರುತ್ತದೆ. 2022ರ ಏಪ್ರಿಲ್‌ನಲ್ಲಿ ತಂಜಾವೂರು ಹತ್ತಿರದ ಕಳಿಮೇಡಿನಲ್ಲಿ ತೇರು ಹೈಟೆನ್ಶನ್ ತಂತಿಗೆ ತಾಗಿ 11 ಮಂದಿ ಸತ್ತರು. ಅಲ್ಲಿಯೂ ರಸ್ತೆ ಎತ್ತರಿಸಿದ ಮಾತು ಬಂದಿತ್ತು.

ಜೆಸ್ಕಾಂ ಸೆಕ್ಷನ್ ಆಫೀಸರಿಗೆ ಬರೆದು ಕೊಟ್ಟು ಲೈನ್ ಕ್ಲಿಯರ್, ಅಂದರೆ ಕರೆಂಟು ತೆಗೆದ ಒಪ್ಪಿಗೆ, ತಗೊಳ್ಳಿ. ಫೋನಿನಲ್ಲಿ "ಸ್ವಲ್ಪ ಆಫ್ ಮಾಡ್ರಿ" ಅಂತ ಹೇಳಿ ಮುಗಿಸಬೇಡಿ. ಆಫ್ ಮಾಡಿದ ಮೇಲೆ ನಮ್ಮವರು ತಂತಿಗೆ ಅರ್ಥಿಂಗ್ ಹಾಕಬೇಕು, ಅಂದರೆ ತಂತಿಯನ್ನು ನೆಲಕ್ಕೆ ಜೋಡಿಸಬೇಕು. ಯಾಕೆ ಅಂದರೆ ಗುಡಿಯಲ್ಲೋ ನಾಟಕದ ಟೆಂಟಿನಲ್ಲೋ ಯಾರಾದರೂ ಜನರೇಟರ್ ಶುರು ಮಾಡಿ, ಮೇನ್ ಸ್ವಿಚ್ ಬದಲಿಸದೇ ಇದ್ದರೆ ಆ ಕರೆಂಟು ಉಲ್ಟಾ ಲೈನಿಗೆ ಹತ್ತುತ್ತದೆ. ಟ್ರಾನ್ಸ್‌ಫಾರ್ಮರ್ ದಾಟಿ ಹೈಟೆನ್ಶನ್ನಿಗೂ ಹೋಗುತ್ತದೆ. ಆಫ್ ಆಗಿದೆ ಅಂತ ನಂಬಿ ಬೊಂಬಿನಿಂದ ತಂತಿ ಎತ್ತುವ ಹುಡುಗ ಅಲ್ಲೇ ಹೋಗುತ್ತಾನೆ.

ಇನ್ನೊಂದು. ಸಂಜೆ ಆರಕ್ಕೆ ಲೈನ್ ತೆಗೆದರೆ ಬೀದಿದೀಪ ಆರುತ್ತವೆ. ತೇರು ವಾಪಸ್ ಬರುವ ಹೊತ್ತಿಗೆ ಕತ್ತಲು. ಕಾಕಾ ಹೇಳಿದ ಹೊರಹೋಗುವ ದಾರಿ ಎಷ್ಟೇ ಅಗಲ ಇರಲಿ, ಕತ್ತಲಲ್ಲಿ ಮಂದಿ ಅದನ್ನು ಬಿಟ್ಟು ಬೆಳಕಿದ್ದ ಕಡೆಗೇ ಹೋಗುತ್ತಾರೆ. ಆ ದಾರಿಗೆ ಬೇರೆ ಜನರೇಟರ್, ಬೇರೆ ವೈರು, ಊರ ಲೈನಿಗೆ ಸಂಬಂಧ ಇಲ್ಲದ ಹಾಗೆ. ಲೈನ್ ಮತ್ತೆ ಕೊಡುವುದು ಗಡಿಯಾರ ನೋಡಿ ಅಲ್ಲ. ತೇರು ತನ್ನ ಜಾಗಕ್ಕೆ ಬಂದು ನಿಂತಿದೆ ಅಂತ ಕಮಿಟಿಯ ಒಬ್ಬನೇ ಮನುಷ್ಯ ಬರೆದು ಕೊಟ್ಟ ಮೇಲೆ.


ಗೊಬ್ಬರದಂಗಡಿ, ಅಫಜಲಪುರ ತಾಲೂಕು:

ಕಾಕಾ, ಅಕ್ಕಾ, ಅಣ್ಣಾ, ನಿಮ್ಮೆಲ್ಲರಿಗೂ ಶರಣು. ನಿನ್ನೆ ಬೆಳಿಗ್ಗೆ ನಾಲ್ಕು ಹುಡುಗರ ಜೊತೆ ಟೇಪ್ ಹಿಡಿದು ನಡೆದೆ. ಅಗಸಿ ಒಳಗಿನ ದಾರಿ 12 ಅಡಿ ಅಂತ ಎಲ್ಲರೂ ಹೇಳುತ್ತಿದ್ದರು. ಅಳೆದರೆ ಒಂಬತ್ತು ಅಡಿ ನಾಲ್ಕು ಇಂಚು. ಒಬ್ಬರು ಮನೆ ಮುಂದೆ ಕಟ್ಟೆ ಕಟ್ಟಿಸಿದ್ದಾರೆ, ಇನ್ನೊಬ್ಬರ ಬೈಕು ವರ್ಷಪೂರ್ತಿ ಅಲ್ಲೇ ಇರುತ್ತದೆ. ಅಲ್ಲಿ 14 ಅಂಗಡಿಗೆ ಜಾಗ ಹರಾಜು ಆಗಿದೆ. ರಾತ್ರಿ ಕಮಿಟಿಯಲ್ಲಿ ಜಗಳವೇ ಆಯಿತು, ದುಡ್ಡು ವಾಪಸ್ ಕೊಡಬೇಕಾಗುತ್ತದೆ ಅಂತ. ನಾನು ಸುಣ್ಣದ ಪುಡಿ ತಗೊಂಡು ಗುಡಿ ಮುಂದೆ ಮೀಟರ್ ಚೌಕ ಹಾಕಿ ಏಳು ಮಂದಿ ಹಿರಿಯರನ್ನು ನಿಲ್ಲಿಸಿದೆ. ನಮ್ಮ ಗೌಡರು ಅದರಲ್ಲಿ ನಡುವೆ ಇದ್ದರು. ಕೈ ಎತ್ತಿ ಅಂದೆ. ಅವರಿಗೆ ಎತ್ತಲು ಆಗಲಿಲ್ಲ. ಹೊರಗೆ ಬಂದು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ, "ಅಂಗಡಿ ಶಾಲೆ ಮೈದಾನಕ್ಕೆ ಹೋಗಲಿ, ದುಡ್ಡು ನಾನು ಕೊಡುತ್ತೇನೆ" ಅಂದರು.

ಆದರೆ ಒಂದು ಗೊಂದಲ ಉಳಿದಿದೆ. ತೇರು ನಿಲ್ಲಿಸುವ ಅಧಿಕಾರ ಯಾರಿಗೆ ಕೊಡಬೇಕು? ಪಿಎಸ್‌ಐ ಸಾಹೇಬ್ರು ನಿಲ್ಲಿಸಿ ಅಂದರೆ ಮಿಣಿ ಹಿಡಿದ ಹುಡುಗರು ಕೇಳುವುದಿಲ್ಲ. ತೇರು ನಡುದಾರಿಯಲ್ಲಿ ನಿಲ್ಲುವುದು ಅಪಶಕುನ ಅನ್ನುವವರೂ ಇದ್ದಾರೆ.


ಹಳೇ ಖಾಕಿ, ಕಲಬುರಗಿ:

ಗೌಡರಿಗೆ ನನ್ನ ನಮಸ್ಕಾರ ಹೇಳಿ.

ಇಬ್ಬರಿಗೆ ಕೊಡಿ, ಇಬ್ಬರೂ ಒಂದೇ ಮಾಳಿಗೆಯ ಮೇಲೆ ಇರಲಿ. ಒಬ್ಬರು ಪಿಎಸ್‌ಐ ಅಥವಾ ಅವರು ನೇಮಿಸಿದವರು. ಇನ್ನೊಬ್ಬರು ಮಿಣಿ ಹಿಡಿಯುವವರು ಮಾತು ಕೇಳುವ ಹಿರಿಯರು. ಬಯಲು ಮತ್ತು ಅಗಸಿ ಎರಡೂ ಕಾಣುವ ಮಾಳಿಗೆ ಆರಿಸಿ. ಕೈಯಲ್ಲಿ ಕೆಂಪು ಬಟ್ಟೆ ಮತ್ತು ಹಸಿರು ಬಟ್ಟೆ, ಕತ್ತಲಾದ ಮೇಲೆ ಎರಡು ಬಣ್ಣದ ಬ್ಯಾಟರಿ. ಡೊಳ್ಳಿನ ಸದ್ದಿನಲ್ಲಿ ವಾಕಿಟಾಕಿ ಕೇಳಿಸುವುದಿಲ್ಲ, ಬಟ್ಟೆ ಕಾಣಿಸುತ್ತದೆ. ಕೆಂಪು ಎದ್ದ ಕೂಡಲೇ ಮೂರು ಕೆಲಸ ಒಟ್ಟಿಗೆ ಆಗಬೇಕು. ಡೊಳ್ಳು ನಿಲ್ಲಬೇಕು, ಗಾಲಿಗೆ ಕಟ್ಟಿಗೆ ಕೊಡಬೇಕು, ಬೊಂಬಿನ ಬಾಗಿಲುಗಳು ತೆರೆಯಬೇಕು. ಇದನ್ನು ಜಾತ್ರೆಗೆ ಮುಂಚೆ ಒಂದು ದಿನ ಖಾಲಿ ಬಯಲಿನಲ್ಲಿ ಮಾಡಿ ನೋಡಿ. ಮೊದಲ ಸಲ ಕೆಡುತ್ತದೆ, ಮೂರನೇ ಸಲಕ್ಕೆ ಬರುತ್ತದೆ.

ಅಪಶಕುನದ ಮಾತಿಗೆ ಹೀಗೆ ಮಾಡಿ. ದಾರಿಯಲ್ಲಿ ಎರಡು ಕಡೆ ಮೊದಲೇ ಮಂಗಳಾರತಿ ಇಡಿ. ಅಲ್ಲಿ ತೇರು ಹೇಗೂ ನಿಲ್ಲುತ್ತದೆ, ಮಂದಿ ಹರಡಲು ಸಮಯ ಸಿಗುತ್ತದೆ. ಪೂಜಾರಿಗಳ ಜೊತೆ ಕುಳಿತು ಮಾತಾಡಿ, ಅವರು ಒಪ್ಪುತ್ತಾರೆ. ಬೇರೆ ಊರುಗಳಲ್ಲಿ ಒಪ್ಪಿದ್ದಾರೆ.


ಗೊಬ್ಬರದಂಗಡಿ, ಅಫಜಲಪುರ ತಾಲೂಕು:

ಗೌಡರೇ ಮಾಳಿಗೆ ಮೇಲೆ ಕೂರುತ್ತಾರಂತೆ. ಮಿಣಿ ಹುಡುಗರು ಅವರ ಮಾತು ದಾಟುವುದಿಲ್ಲ. ಶನಿವಾರ ಸಂಜೆ ನಾಲ್ಕಕ್ಕೆ ಪಿಎಸ್‌ಐ ಸಾಹೇಬ್ರು ನಕ್ಷೆ ಹಿಡಿದು ನಡೆದು ನೋಡಲು ಬರುತ್ತಿದ್ದಾರೆ. ಕಾಕಾ, ನಿಮಗೆ ಆಗುವುದಾದರೆ ನೀವೂ ಬನ್ನಿ. ಕಲಬುರಗಿಯಿಂದ ಗಾಡಿ ಕಳಿಸುತ್ತೇನೆ, ಊಟ ನಮ್ಮ ಮನೆಯಲ್ಲಿ.


ಹಳೇ ಖಾಕಿ, ಕಲಬುರಗಿ:

ಬರುತ್ತೇನೆ. ಗಾಡಿ ಬೇಡ, ಬಸ್ಸಿಗೆ ಬರುತ್ತೇನೆ. ಆದರೆ ನಾಲ್ಕಕ್ಕೆ ಬೇಡ ಅಂತ ಸಾಹೇಬ್ರಿಗೆ ಹೇಳಿ, ತೇರು ಎಳೆಯುವ ಹೊತ್ತಿಗೇ ಇಡಲಿ. ಆ ಹೊತ್ತಿಗೆ ಸೂರ್ಯ ಎಲ್ಲಿರುತ್ತಾನೆ, ಅಗಸಿ ಕಡೆ ನಡೆಯುವವರ ಕಣ್ಣಿಗೆ ಸೀದಾ ಹೊಡೆಯುತ್ತಾನಾ ಅನ್ನುವುದನ್ನೂ ನೋಡಬೇಕು. ಹೊಡೆದರೆ ಮುಂದಿನ ಮೆಟ್ಟಿಲು ಅವರಿಗೆ ಕಾಣುವುದಿಲ್ಲ.